ಸಮುದ್ರದಲ್ಲಿ ಇನ್ನಷ್ಟು ತೈಲಬಾವಿ ಕೊರೆದರೆ ಕಾರವಾರದಲ್ಲಿ ಕರೆಂಟ್ ಬಿಲ್ ಇಳಿಯುತ್ತದೆಯೇ? ಸೋಲಾರ್ ಇದ್ದರೆ ತೈಲವೇ ಬೇಡವೇ?

ಬಿಲ್ ಇಳಿಯುವುದಿಲ್ಲ. ಭಾಷಣಗಳಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ, ಆದರೆ ಅವುಗಳ ಕೆಲಸವೇ ಬೇರೆ. ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಹುಟ್ಟುವುದು ಕಾಳಿ, ಶರಾವತಿ ನೀರಿನಿಂದ ಮತ್ತು ಕೈಗಾದ 220 ಮೆಗಾವಾಟ್‌ನ 4 ಅಣುಘಟಕಗಳಿಂದ. ತೈಲ ಸೇರುವುದು ಲಾರಿ, ಬೋಟ್‌ಗಳ ಟ್ಯಾಂಕಿಗೆ.

ಬೈತಖೋಲದ ಟ್ರಾಲರ್ 100 ಲೀಟರ್ ಡೀಸೆಲ್‌ನಲ್ಲಿ ಮಾಡುವ ಕೆಲಸಕ್ಕೆ ಸುಮಾರು 350 ಯೂನಿಟ್ ಬೇಕು; ಅಷ್ಟು ಬ್ಯಾಟರಿಯ ತೂಕವೇ 2 ಟನ್ ದಾಟುತ್ತದೆ. ಹಾಗಾಗಿ ಆಳಸಮುದ್ರದ ಮೀನುಗಾರರಿಗೆ ಸದ್ಯ ಡೀಸೆಲ್ಲೇ ಗತಿ.

ಮನೆ ಮಾಡಿಗೆ ಮಾತ್ರ ಸೋಲಾರ್ ಹಾಕಿಸಲೇಬೇಕು. 3 ಕಿಲೋವಾಟ್ ಹಾಕಿದರೆ ಬಿಸಿಲಿನ ದಿನ ಸುಮಾರು 12 ಯೂನಿಟ್, ಆಷಾಢದ ಜಡಿಮಳೆಯಲ್ಲಿ ಅರ್ಧವೂ ಇಲ್ಲ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಬೋಲ್ಟು; 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ ಹಾಕಿಸಿ.