ಓದುಗರ ಪ್ರಶ್ನೆ: ಆಲೂಗಡ್ಡೆ ತಿನ್ನೋದನ್ನ ಎಷ್ಟು ಹೊತ್ತು ನೋಡೋದು?

ಪ್ರಶ್ನೆ: ನಮ್ಮ ಬಳಗದಲ್ಲಿ ಹಂಗೇರಿಯ ನಿರ್ದೇಶಕ ಬೇಲಾ ತಾರ್ ಅವರ ‘ದಿ ಟ್ಯೂರಿನ್ ಹಾರ್ಸ್’ ಸಿನಿಮಾ ತೋರಿಸಿದೆವು. ಅರ್ಧ ಗಂಟೆಗೇ ಜನ ಎದ್ದರು. ತಪ್ಪೆಲ್ಲಿ?
– ಓದುಗರು, ತುಮಕೂರು

ಉತ್ತರ: 2011ರ ಈ ಕಪ್ಪು-ಬಿಳುಪು ಚಿತ್ರ 146 ನಿಮಿಷದ್ದು, ಶಾಟ್‌ಗಳು (ನಡುವೆ ಕತ್ತರಿಸದೆ ಒಂದೇ ಸಲಕ್ಕೆ ತೆಗೆದ ದೃಶ್ಯಗಳು) 30ರ ಆಸುಪಾಸು. ಒಂದೊಂದೂ ಸರಾಸರಿ ಐದು ನಿಮಿಷ! ಇದನ್ನು ಮೊದಲೇ ಹೇಳಿಬಿಡಿ. ಬಲಗೈ ಸ್ವಾಧೀನವಿಲ್ಲದ ಅಪ್ಪ ಬಿಸಿ ಆಲೂಗಡ್ಡೆಯ ಸಿಪ್ಪೆಯನ್ನು ಒಂದೇ ಕೈಯಲ್ಲಿ ಸುಲಿಯುತ್ತಾನೆ. ಕಥೆಯ ಮೊದಲ ದಿನ ಕ್ಯಾಮೆರಾ ಅವನ ಮೇಲೆ, ಮರುದಿನ ಮಗಳ ಮೇಲೆ. ಊಟ ಅದೇ, ನೋಟ ಬೇರೆ; ಸ್ವಾರಸ್ಯ ಇರೋದೇ ಅಲ್ಲಿ.

ಸೀಲಿಂಗ್ ಫ್ಯಾನ್ ಆರಿಸಿ, ಇಲ್ಲದಿದ್ದರೆ ಚಿತ್ರದ ಗಾಳಿಯ ಸದ್ದು ಅದರಲ್ಲೇ ಮುಳುಗುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ವಿರಾಮ ಬೇಕಾದರೆ ಕಥೆಯಲ್ಲಿ ದಿನ ಬದಲಾದಾಗ ಪರದೆಯ ಮೇಲೆ ಬರುವ ಶೀರ್ಷಿಕೆಯಲ್ಲೇ ಕೊಡಿ, ಶಾಟ್ ನಡುವೆ ಬೇಡ. ಕೊನೆಯಲ್ಲಿ ಎಣ್ಣೆಯಿದ್ದರೂ ದೀಪ ಹತ್ತದೆ ಪರದೆ ಕಪ್ಪಾಗುತ್ತದೆ. ಪ್ರೊಜೆಕ್ಟರ್ ಕೆಟ್ಟಿತೆಂದು ಲೈಟ್ ಹಾಕಿಬಿಡಬೇಡಿ.