ಏನೂ ಇಲ್ಲ ಅಂದ್ರೆ, ಮತ್ತೆ ಇದೇನು?

ಡಾಕ್ಟ್ರು ಏನೂ ಇಲ್ಲ ಅಂದ್ರೂ ಕ್ಯಾನ್ಸರ್ ಭಯ ಹೋಗದೆ ಕೌನ್ಸೆಲಿಂಗಿಗೆ ಬರೋ ಕೇಸು ನನ್ನ ಹತ್ರ ಇರ್ತಾನೇ ಇರುತ್ತೆ, ಅದಕ್ಕೇ ಬರೀತಿದೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಈ ಸಲ ಬಂದೋರಿಗೆ 46 ವರ್ಷ, ಎಡ ಮುಂಗೈ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟು. ಅಮ್ಮ ತೀರ್ಕೊಂಡಿದ್ದು ಸ್ತನ ಕ್ಯಾನ್ಸರಿಂದ. ಮೂರು ಜನ ಡಾಕ್ಟ್ರು "ಏನೂ ಇಲ್ಲ ಹೋಗಿ" ಅಂತ ಕಳ್ಸಿದಾರೆ. ಆದ್ರೂ ರಾತ್ರಿಯೆಲ್ಲಾ ಮೊಬೈಲಲ್ಲಿ ಹುಡುಕಾಟ, ಕರ್ಕೊಂಡು ಬಂದಿದ್ದು ಹೆಂಡ್ತಿ.

ಎರಡನೇ ಸಲ ಬಂದಾಗ ಮಾತಾಡ್ತಾ ಮಾತಾಡ್ತಾನೇ ಹೆಬ್ಬೆರಳಲ್ಲಿ ಆ ಗಂಟನ್ನ ಒತ್ತುತಾ ಇದ್ರು, ಅವ್ರಿಗೇ ಗೊತ್ತಿಲ್ಲ. ದಿನಕ್ಕೆ ಎಷ್ಟು ಸಲ ಒತ್ತಿ ನೋಡ್ತೀರಿ ಸರ್ ಅಂದೆ. ಸುಮ್ನಾದ್ರು. "ನಿದ್ದೆಗಣ್ಣಲ್ಲೂ ಒತ್ಕೋತಾರೆ ಮೇಡಂ" ಅಂದ್ರು ಹೆಂಡ್ತಿ. ಆಗ ಇವ್ರು ಕೈನ ನನ್ನ ಟೇಬಲ್ ಮೇಲೆ ಚಾಚಿ, ಸಿಟ್ಟಲ್ಲೇ, "ಎಲ್ರೂ ಏನೂ ಇಲ್ಲ ಅಂತಾರೆ, ಏನೂ ಇಲ್ಲ ಅಂದ್ರೆ ಮತ್ತೆ ಇದೇನು? ಅಮ್ಮಂಗೂ ಮೊದ್ಲು ಹಂಗೇ ಅಂದಿದ್ರು" ಅಂದ್ರು.

ನಂಗೆ ತಕ್ಷಣ ಉತ್ತರ ಹೊಳೀಲಿಲ್ಲ. ಕೈಗೆ ಸಿಗೋದನ್ನ ಇಲ್ಲ ಅಂದ್ರೆ ಯಾರು ತಾನೆ ನಂಬ್ತಾರೆ.

ಹಾಗಾಗಿ ಭಯ ಪಡ್ಬೇಡಿ ಅಂತ ನಾನೂ ಹೇಳೋಕೆ ಹೋಗ್ಲಿಲ್ಲ. ಇನ್ನೊಂದೇ ಒಂದು ಸಲ ಸರ್ಜನ್ ಹತ್ರ ಹೋಗಿ, ಇದರ ಹೆಸ್ರೇನು, ಕ್ಯಾನ್ಸರ್ ಅಲ್ಲ ಅಂತ ಹೆಂಗೆ ಗೊತ್ತಾಯ್ತು, ಏನಾದ್ರೆ ವಾಪಸ್ ಬರ್ಬೇಕು ಅಂತ ಕೇಳಿ ಚೀಟೀಲಿ ಬರೆಸ್ಕೊಂಡ್ ಬನ್ನಿ ಅಂದೆ. ಮತ್ತೆ ಡಾಕ್ಟ್ರ ಹತ್ರ ಕಳ್ಸಿ ಆತಂಕಕ್ಕೆ ನೀವೇ ಮೇವು ಹಾಕ್ತಿದೀರ ಅಂತ ನನ್ನ ಜೊತೆ ಕೆಲಸ ಮಾಡೋರೊಬ್ರು ಬೈದ್ರು. ಪದೇ ಪದೇ ಸಮಾಧಾನ ಕೇಳ್ತಾ ಹೋದ್ರೆ ಆತಂಕ ಬಲಿಯುತ್ತೆ, ಒಪ್ತೀನಿ, ಆದ್ರೆ ಇವ್ರಿಗೆ ಇಷ್ಟು ದಿನ ಯಾರೂ ವಿಷ್ಯನೇ ಹೇಳಿರ್ಲಿಲ್ವಲ್ಲ!

ಚೀಟೀಲಿ ಬಂದಿದ್ದು ಲೈಪೋಮಾ. ಚರ್ಮದ ಕೆಳಗಿನ ಕೊಬ್ಬಿನ ಗಂಟು, ಮೆತ್ತಗಿರುತ್ತೆ, ತಳ್ಳಿದ್ರೆ ಜಾರುತ್ತೆ, ಸಾಮಾನ್ಯವಾಗಿ ನೋವಿರಲ್ಲ, ಎಣ್ಣೆ ತಿಕ್ಕಿದ್ರೂ ತೂಕ ಇಳಿಸಿದ್ರೂ ಕರಗಲ್ಲ. 5 ಸೆಂಟಿಮೀಟರ್ ದಾಟಿದ್ರೆ, ಬೇಗ ಬೆಳೀತಿದ್ರೆ, ಗಟ್ಟಿಯಾಗಿ ಅಲ್ಲಾಡದೆ ಕೂತ್ರೆ, ನೋವು ಶುರುವಾದ್ರೆ ತೋರಿಸ್ಬೇಕು.

ಒತ್ತೋದು ಬಿಡಿ ಅಂದ್ರೆ ಬಿಡೋಕಾಗಲ್ಲ, ಕೈಗೆ ಬೇರೆ ಕೆಲಸ ಬೇಕು. ತಿಂಗಳ ಮೊದಲ ಭಾನುವಾರ ಹೆಂಡ್ತಿ ಟೇಪಲ್ಲಿ ಅಳೀಬೇಕು, ಇವ್ರು ಕ್ಯಾಲೆಂಡರಲ್ಲಿ ಬರೀಬೇಕು, ಮಧ್ಯೆ ಮುಟ್ಟೋ ಹಾಗಿಲ್ಲ ಅಂತ ಮಾತಾಯ್ತು.

ನಾಲ್ಕನೇ ತಿಂಗಳು ಇವ್ರೇ ಫೋನ್ ಮಾಡಿದ್ರು. "ಭಾನುವಾರ ಅಳೆಯೋದೇ ಮರ್ತೋಯ್ತು ಮೇಡಂ, ಇವತ್ತು ಗುರುವಾರ ಅಳೆದ್ರೆ ನಡೆಯುತ್ತಾ?" ನಡೆಯುತ್ತೆ ಅಂದೆ. ಅಮ್ಮನ ವಿಷ್ಯ ಮಾತಾಡೋಕೆ ಮುಂದಿನ ವಾರ ಒಬ್ರೇ ಬರ್ತಾರಂತೆ.