ರಕ್ತದ ಹರಿವಿಗೆ ದ್ರವದ ಲೇಪ ತೊಳೆದುಹೋಗುವುದಿಲ್ಲವೇ?

ಪ್ರಶ್ನೆ: ನಮ್ಮ ತಂದೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧ ಕೊಡುವುದರಿಂದ ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲುವುದಿಲ್ಲ. ಟ್ಯೂಬಿನೊಳಗೆ ಜಾರುವ ದ್ರವವನ್ನು ಲೇಪಿಸಿದರೆ ರಕ್ತ ಹೆಪ್ಪುಗಟ್ಟದೆಂದು ಓದಿದೆ. ಅಷ್ಟು ರಭಸದ ರಕ್ತಕ್ಕೆ ಆ ದ್ರವ ಕೊಚ್ಚಿಹೋಗುವುದಿಲ್ಲವೇ?

ಉತ್ತರ: ನಿಮ್ಮ ಸಂದೇಹ ಸಹಜವಾದದ್ದು, ಆದರೆ ಈ ಲೇಪಕ್ಕೆ ಹರಿವಿಗಿಂತ ಗಾಳಿಯೇ ದೊಡ್ಡ ಶತ್ರು.

2014ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ವಿಧಾನದಲ್ಲಿ ಪ್ಲಾಸ್ಟಿಕ್ಕಿಗೆ ಪರ್‌ಫ್ಲೋರೋಕಾರ್ಬನ್ (ಫ್ಲೋರಿನ್ ಮತ್ತು ಇಂಗಾಲದ ಸಂಯುಕ್ತ) ಅಣುಗಳನ್ನು ರಾಸಾಯನಿಕವಾಗಿ ಬೆಸೆದು, ಅವುಗಳ ಮೇಲೆ ಪರ್‌ಫ್ಲೋರೋಡೆಕಾಲಿನ್ ಎಂಬ ದ್ರವದ ತೆಳುಪದರವನ್ನು ನಿಲ್ಲಿಸುತ್ತಾರೆ. ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಬೆರೆಯದ ಈ ದ್ರವ ತನ್ನದೇ ಜಾತಿಯ ಅಣುಗಳಿಗೆ ಅಂಟಿಕೊಂಡಿರುವುದರಿಂದ, ಹೆಪ್ಪು ಕಟ್ಟಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನಿಗೂ ರಕ್ತದ ಪ್ಲೇಟ್‌ಲೆಟ್‌ ಕಣಗಳಿಗೂ ಕಚ್ಚಿಕೊಳ್ಳಲು ಗಟ್ಟಿಯಾದ ನೆಲೆ ಸಿಗುವುದಿಲ್ಲ. ಹಂದಿಗಳ ಅಪಧಮನಿ ಮತ್ತು ಅಭಿಧಮನಿಗಳ ನಡುವೆ ಜೋಡಿಸಿದ ಇಂಥ ಟ್ಯೂಬುಗಳಲ್ಲಿ ಹೆಪಾರಿನ್ ಇಲ್ಲದೆಯೂ 8 ಗಂಟೆ ಕಾಲ ರಕ್ತ ಹರಿಯಿತು.

ಮರುವರ್ಷ ಪ್ರಕಟವಾದ ಅಧ್ಯಯನವೊಂದು ನಿಮ್ಮ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತ್ತು. ರಕ್ತನಾಳಗಳಲ್ಲಿರುವಷ್ಟು ವೇಗದಲ್ಲಿ ನೀರು ಹರಿಸಿದಾಗ, ಮುಚ್ಚಿದ ವ್ಯವಸ್ಥೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಷ್ಟವಾದ ದ್ರವ ಕೆಲವೇ ನ್ಯಾನೋಗ್ರಾಂಗಳ ಮಟ್ಟದ್ದು. ವೇಗ ಹೆಚ್ಚಿಸಿದರೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಗಾಳಿ ಮತ್ತು ನೀರು ಸಂಧಿಸುವ ಅಂಚು ಮೇಲ್ಮೈಯನ್ನು ಹಾದುಹೋದಾಗ ದ್ರವ ಹೆಚ್ಚು ಪ್ರಮಾಣದಲ್ಲಿ ಎದ್ದುಹೋಗಿ ಪದರವೇ ಛಿದ್ರವಾಯಿತು. ಡಯಾಲಿಸಿಸ್‌ಗೆ ಈ ಅಂಶ ಬಹಳ ಮುಖ್ಯವಾದುದು. ಸಲೈನ್ ತುಂಬಿಸಿ ಟ್ಯೂಬಿನಿಂದ ಗಾಳಿ ಹೊರಹಾಕುವಾಗಲೇ ಅಂಥ ಅಂಚು ಉದ್ದಕ್ಕೂ ಸಾಗುತ್ತದೆ. ಗುಳ್ಳೆಗಳನ್ನು ತಡೆಯುವ ಡ್ರಿಪ್ ಚೇಂಬರಿನಲ್ಲಂತೂ ರಕ್ತದ ಮೇಲೆ ಗಾಳಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ಹೆಪ್ಪು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ದ್ರವ ಆವಿಯಾಗುವ ಗುಣವುಳ್ಳದ್ದಾದ್ದರಿಂದ ಲೇಪಿಸಿದ ಟ್ಯೂಬನ್ನು ಗಾಳಿಗೆ ತೆರೆದಿಡುವಂತಿಲ್ಲ.

ಇನ್ನೊಂದು ಅಡಚಣೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರಕ್ತ ಅತಿ ಹೆಚ್ಚು ಮೇಲ್ಮೈಯನ್ನು ಮುಟ್ಟುವುದು ಟ್ಯೂಬಿನಲ್ಲಲ್ಲ, ರಕ್ತವನ್ನು ಶೋಧಿಸುವ ಭಾಗವಾದ ಡಯಲೈಸರಿನ ಸಾವಿರಾರು ಟೊಳ್ಳು ಎಳೆಗಳಲ್ಲಿ. ಅವುಗಳ ರಂಧ್ರಗಳ ಮೂಲಕ ಯೂರಿಯಾ ಮತ್ತು ನೀರು ದಾಟಲೇಬೇಕು. ಎರಡನ್ನೂ ಕರಗಿಸಿಕೊಳ್ಳದ ದ್ರವವನ್ನು ಅಲ್ಲಿ ಸವರಿದರೆ ಶೋಧನೆಗೇ ತಡೆಯಾಗುತ್ತದೆ. ಆದ್ದರಿಂದ ಟ್ಯೂಬಿಗೆ ಲೇಪ ಬಂದರೂ ಅಷ್ಟರಿಂದಲೇ ಹೆಪಾರಿನ್ ಕೈಬಿಡಲಾಗದು.

ಸದ್ಯಕ್ಕೆ ರಕ್ತ ನಿಲ್ಲಲು ಎಷ್ಟು ನಿಮಿಷ ಹಿಡಿಯುತ್ತದೆಂದು ಪ್ರತಿ ಸಲ ಬರೆದಿಟ್ಟು ಮೂತ್ರಪಿಂಡ ತಜ್ಞರಿಗೆ ತೋರಿಸಿ. ಹೆಪಾರಿನ್ ಪ್ರಮಾಣ ತಗ್ಗಿಸುವುದು ಅಥವಾ ಅದಿಲ್ಲದೆ ಆಗಾಗ ಸಲೈನ್ ಹಾಯಿಸುತ್ತ ಡಯಾಲಿಸಿಸ್ ಮಾಡುವುದು ಈಗಾಗಲೇ ರೂಢಿಯಲ್ಲಿದೆ. ಫಿಸ್ಟುಲಾದಲ್ಲಿ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ ಜಾಗದಲ್ಲಿ) ಅಡಚಣೆಯಿದ್ದರೂ ರಕ್ತ ತಡವಾಗಿ ನಿಲ್ಲಬಹುದಾದ್ದರಿಂದ ಅದನ್ನೂ ಪರೀಕ್ಷಿಸುವಂತೆ ಕೇಳಿ.